ಹೆಬ್ಬೆರಳು ಒತ್ತುತ್ತಿದ್ದ ಬೊಮ್ಮುರಾಜ

ಬೊಮ್ಮುರಾಜ ಒಮ್ಮೆ ಕೈ ಹಿಡಿದರೆ ಬೇಗ ಬಿಡುತ್ತಿರಲಿಲ್ಲ. ಎದುರಿನವರ ಬೆರಳ ಗೆಣ್ಣಿನ ಮೇಲೆ ತನ್ನ ಹೆಬ್ಬೆರಳನ್ನು ಒತ್ತಿ, ಅವರ ಮುಖವನ್ನೇ ನೋಡುತ್ತ, ಏನೋ ಉತ್ತರಕ್ಕೆ ಕಾಯುತ್ತಿದ್ದ. ತಿರುಗಿ ಒತ್ತಿದವರು ತನ್ನ ಹಾಗೆಯೇ ಫ್ರೀಮೇಸನ್, ಗುಟ್ಟಿನ ಗುರುತುಗಳಿಂದ ಒಬ್ಬರನ್ನೊಬ್ಬರು ಕಂಡುಹಿಡಿಯುವ ಹಳೆಯ ಸಂಘವೊಂದರವರು, ಎಂದು ಅವನ ನಂಬಿಕೆ. ತೇನಿ ಬಸ್ ಸ್ಟ್ಯಾಂಡಿನ ಕಂಡಕ್ಟರು, ಕಂಬಂ ಮಾರ್ಕೆಟ್ಟಿನಲ್ಲಿ ಬಾಳೆಲೆ ಮಾರುವವನು, ನಮ್ಮ ಮನೆಗೆ ಗ್ಯಾಸ್ ಸಿಲಿಂಡರ್ ಹೊತ್ತು ತರುವವನು, ಎಲ್ಲರ ಕೈಯನ್ನೂ ಅವನು ಹೀಗೆ ಒತ್ತಿ ನೋಡಿದ್ದ. ಯಾರೂ ತಿರುಗಿ ಒತ್ತಲಿಲ್ಲ. ಒಬ್ಬ ಷೇರ್ ಆಟೊ ಡ್ರೈವರ್ ಮಾತ್ರ, ಇದೇನೋ ಪಂದ್ಯ ಎಂದುಕೊಂಡು, ಪೂರ್ತಿ ಬಲ ಹಾಕಿ ಒತ್ತಿದ. ಬೊಮ್ಮುರಾಜ ಆ ವಾರವೆಲ್ಲ ಬೆರಳಿಗೆ ಎಣ್ಣೆ ಹಚ್ಚಿಕೊಂಡು ತಿರುಗಿದ.

ಅವನು ನನ್ನ ಚಿಕ್ಕಪ್ಪನ ಮಗ. ನಮ್ಮದು ಕಂಬಂ ಕಣಿವೆಯಲ್ಲಿ ದ್ರಾಕ್ಷಿ ಬೆಳೆಯುವ ಮನೆತನ. ಮನೆಯೊಳಗೆ ಕನ್ನಡ, ಹೊಸಲು ದಾಟಿದರೆ ತಮಿಳು. ಮೈಸೂರಿಗೆ ಟೀಚರ್ ಟ್ರೈನಿಂಗಿಗೆ ಹೋಗಿ ಕನ್ನಡ ಅಕ್ಷರ ಕಲಿತು ಬಂದವಳು ನಾನೊಬ್ಬಳು, ಮಿಕ್ಕವರಿಗೆಲ್ಲ ಅದು ಬಾಯಿಮಾತಿನ ಭಾಷೆ. ಬೊಮ್ಮುರಾಜನಿಗೆ ಬಾಯಿಮಾತಿನದೇನೂ ಕೊರತೆ ಇರಲಿಲ್ಲ. ಅವನ ತೋಟದ ಚಪ್ಪರದ ಕೆಳಗೆ ನಿಂತರೆ ದ್ರಾಕ್ಷಿಗೆ ಔಷಧಿ ಹೊಡೆಯುವ ಮೋಟರಿನ ಸದ್ದಿಗಿಂತ ಅವನ ಸದ್ದೇ ದೊಡ್ಡದಾಗಿ ಕೇಳುತ್ತಿತ್ತು.

ಇಂಥವನ ಮನೆಗೆ ನಮ್ಮ ಹಿರಿಯರು ಕಂಬಳಿ ಹಾಸುವ ಹಕ್ಕನ್ನು ಕೊಟ್ಟುಬಿಟ್ಟಿದ್ದರು. ನಮ್ಮ ಜನ ಒಟ್ಟಾಗಿ ಏನನ್ನಾದರೂ ತೀರ್ಮಾನಿಸಬೇಕಾದರೆ ಕುಲದೇವರ ಗುಡಿಯ ಮುಂದೆ ಕರಿಕಂಬಳಿ ಹಾಸಿ, ಅದರ ಮೇಲೆ ನೀರು ತುಂಬಿದ ಹಿತ್ತಾಳೆ ಚೊಂಬು ಇಟ್ಟು, ಚೊಂಬಿನ ಬಾಯಿಗೆ ಬೇವಿನ ಸೊಪ್ಪು ಸಿಕ್ಕಿಸಬೇಕು. ಅದು ಆಗುವವರೆಗೆ ಯಾರೇನು ಮಾತಾಡಿದರೂ ಲೆಕ್ಕಕ್ಕಿಲ್ಲ. ಆದಮೇಲೆ ಆ ಕಂಬಳಿಯ ಮುಂದೆ ಯಾರೂ ಏನನ್ನೂ ಮುಚ್ಚಿಡುವಂತಿಲ್ಲ, ಹಾಸಿದವನಂತೂ ಇಲ್ಲವೇ ಇಲ್ಲ. ತಂದೆಯಿಂದ ಮಗನಿಗೆ ಬರುವ ಕೆಲಸ ಅದು. ಆ ದಿನ ಬೊಮ್ಮುರಾಜ ತಲೆಗೆ ನೀರು ಹಾಕಿಕೊಂಡು, ಒದ್ದೆ ಪಂಚೆಯಲ್ಲಿ, ಉಂಗುರವನ್ನು ಬಿಚ್ಚಿಟ್ಟು ಬರುತ್ತಿದ್ದ. ಮಾತೇ ಆಡುತ್ತಿರಲಿಲ್ಲ. ವರ್ಷಕ್ಕೆ ಇನ್ನಷ್ಟು ಸಲ ಜಗಳಗಳು ಹುಟ್ಟಿಕೊಂಡು ಕಂಬಳಿ ಹಾಸುವಂತಾಗಲಿ ಎಂದು ನಾನು ಹಾರೈಸುತ್ತಿದ್ದೆ, ನಮ್ಮ ಕಿವಿಗಾದರೂ ಸ್ವಲ್ಪ ವಿಶ್ರಾಂತಿ ಎಂದು.

ಫ್ರೀಮೇಸನ್ ಗೀಳು ಅವನಿಗೆ ಅಂಟಿದ್ದು ದಿಂಡಿಗಲ್ಲಿನಲ್ಲಿ. ದ್ರಾಕ್ಷಿ ವ್ಯಾಪಾರಕ್ಕೆ ಹೋದಾಗ ಪರಿಚಯವಾದ ಒಬ್ಬ ಹಿರಿಯ ಡಾಕ್ಟರು ಇವನನ್ನು ತಮ್ಮ ಸಂಘಕ್ಕೆ ಸೇರಿಸಿಕೊಂಡರು. ಅಲ್ಲಿನವರು ಸಂಭಾವಿತರು. ತಮ್ಮ ಪೂಜೆ ಪುನಸ್ಕಾರದಂಥದ್ದನ್ನು ತಮ್ಮೊಳಗೆ ಮುಗಿಸಿಕೊಂಡು, ಕಣ್ಣಿನ ಕ್ಯಾಂಪು, ಬಡ ಮಕ್ಕಳ ಫೀಸು ಎಂದು ಸದ್ದಿಲ್ಲದೆ ಕೆಲಸ ಮಾಡುವವರು. ಸಂಘಕ್ಕೆ ಹೊಸದಾಗಿ ಸೇರಿದ ಹುಡುಗರು ಮುದುಕರ ನಡುವೆ ಬೇಸರಪಟ್ಟುಕೊಳ್ಳುವುದನ್ನು ಕಂಡು, ಕಣಿವೆಯ ಕಡೆ ಯುವ ಮೇಸನ್ನರಿಗಾಗಿ ಒಂದು ಕ್ಲಬ್ಬು ಮಾಡು, ಬಾಗಿಲು ತೆರೆದಿಟ್ಟುಕೊಂಡು, ಹೆಂಡತಿ ಮಕ್ಕಳನ್ನೂ ಕರೆದುಕೊಂಡು, ಶಟಲ್ ಆಡಿ ಕಾಫಿ ಕುಡಿದು ಹೋಗಿ ಎಂದು ಡಾಕ್ಟರು ಬೊಮ್ಮುರಾಜನಿಗೆ ಹೇಳಿದರು. ಬೊಮ್ಮುರಾಜ ಕ್ಲಬ್ಬು ಮಾಡಿದ. ಮಾಡಿದ ಕೂಡಲೇ ಬಾಗಿಲು ಮುಚ್ಚಿದ.

ಕಂಬಂನ ಒಂದು ಹಳೆಯ ಕಲ್ಯಾಣಮಂಟಪದ ಮಹಡಿಯ ರೂಮು. ಪ್ರತಿ ಭಾನುವಾರ ಮಧ್ಯಾಹ್ನ ಕೂಟ. ಕಿಟಕಿಗೆ ದಪ್ಪ ಪರದೆ, ಮೇಜಿನ ಮೇಲೆ ಮೇಣದಬತ್ತಿ, ಹೊರಗೆ ನೆತ್ತಿ ಸುಡುವ ಬಿಸಿಲು. ಒಳಗಿದ್ದವರು ಬೆವರಿ ಮುದ್ದೆಯಾಗುತ್ತಿದ್ದರು. ಫ್ಯಾನ್ ಹಾಕಿದರೆ ಬತ್ತಿ ಆರುತ್ತದೆಂದು ಅದನ್ನೂ ಹಾಕಲು ಬಿಡುತ್ತಿರಲಿಲ್ಲ. ದಿಂಡಿಗಲ್ಲಿನವರು ಕೇಳದ, ಹೇಳದ ಇಷ್ಟೆಲ್ಲ ಕಟ್ಟಳೆಗಳನ್ನು ಇವನೇ ಕೂತು ಹೊಸೆದ. ನನ್ನ ಮಗ ಗೋಕುಲನೂ ಆಗ ಸಂಘಕ್ಕೆ ಸೇರಿದ್ದ. ಭಾನುವಾರ ಸಂಜೆ ಮನೆಗೆ ಬಂದವನೇ ಸ್ನಾನದ ಮನೆಗೆ ಓಡುತ್ತಿದ್ದ. ಒಳಗೆ ಏನು ಮಾಡಿದಿರೋ ಎಂದರೆ ನಗುತ್ತಿದ್ದ.

ಕ್ಲಬ್ಬಿನ ಹೆಸರಲ್ಲಿ ‘ಯುವ’ ಎಂಬುದು ದೊಡ್ಡ ಅಕ್ಷರದಲ್ಲಿತ್ತು. ವಯಸ್ಸಿನ ಮಿತಿಯನ್ನು ಬೊಮ್ಮುರಾಜನೇ ಇಟ್ಟಿದ್ದ. ತನಗೆ ಆ ವಯಸ್ಸು ಹತ್ತಿರವಾದಾಗೆಲ್ಲ ಅವನೇ ಅದನ್ನು ಮುಂದಕ್ಕೆ ತಳ್ಳುತ್ತಿದ್ದ. ಮೀಸೆಗೆ ಬಣ್ಣ ಹಚ್ಚುವುದು ಶುರುವಾದ ವರ್ಷ ನಾನು ತಡೆಯಲಾರದೆ, “ಏನೋ ಬೊಮ್ಮು, ನಿಮ್ಮ ಕ್ಲಬ್ಬಲ್ಲಿ ಷಷ್ಟಿಪೂರ್ತಿ ಮಾಡಿಕೊಳ್ಳೋ ಯುವಕರು ಎಷ್ಟು ಜನ ಅವರೆ?” ಎಂದು ಕೇಳಿದೆ.

“ಅಕ್ಕ, ಯುವ ಅನ್ನಾದು ವಯಸಲ್ಲ, ಉಳ್ಳದಲ್ಲಿ ಇರಾದು,” ಎಂದು ಎದೆ ತಟ್ಟಿಕೊಂಡ. ಆ ಎದೆಯ ಕೆಳಗಿನ ಹೊಟ್ಟೆ ಅಷ್ಟು ಹೊತ್ತಿಗೆ ಅಂಗಿಯ ಗುಂಡಿಗಳನ್ನು ಪರೀಕ್ಷೆ ಮಾಡುತ್ತಿತ್ತು.

ಮೇಸನ್ನರ ಗುರುತು ಕೈವಾರ ಮತ್ತು ಮೂಲೆಮಟ್ಟ. ಅದನ್ನು ಚಿನ್ನದ ಉಂಗುರದಲ್ಲಿ ಕೆತ್ತಿಸಿ, ಕಾರಿನ ಹಿಂದಿನ ಗಾಜಿಗೂ ಅಂಟಿಸಿಕೊಂಡ. ಗುರುತನ್ನು ನೋಡಿ ಯಾರಾದರೂ ಗುಟ್ಟಾಗಿ ಬಂದು ಮಾತಾಡಿಸುತ್ತಾರೆಂದು ಅವನ ಎಣಿಕೆ. ಬಂದರು ಕೂಡ. ಪೆರಿಯಕುಳಂನ ಒಬ್ಬ ಮಾವಿನ ತೋಟದವರು ಪೆಟ್ರೋಲ್ ಬಂಕಿನಲ್ಲಿ ಇವನನ್ನು ಪಕ್ಕಕ್ಕೆ ಕರೆದರು. ಇವನು ಉತ್ಸಾಹದಿಂದ ಕೈ ಒತ್ತಿದ. ಅವರು, “ಇಂಜಿನಿಯರ್ ಸಾರ್, ಮಹಡಿ ಮೇಲೆ ಎರಡು ರೂಮು ಎತ್ತಬೇಕು, ಒಂದು ಪ್ಲಾನ್ ಹಾಕಿಕೊಡಿ” ಎಂದರು. ಇದನ್ನು ಅವನೇ ಬಂದು ನನಗೆ ಹೇಳಿದ. ಹೇಳಿ, ನಾನು ನಕ್ಕದ್ದಕ್ಕೆ ಸಿಟ್ಟು ಮಾಡಿಕೊಂಡು ಕಾಫಿ ಕುಡಿಯದೆ ಎದ್ದು ಹೋದ.

ಗುಟ್ಟಿನ ವಿಷಯಕ್ಕೆ ಬಂದರೆ ಅವನ ಬುದ್ಧಿ ಎಲ್ಲರಿಗಿಂತ ಒಂದು ಕೈ ಮೇಲೆ. ಕ್ಲಬ್ಬಿನೊಳಗೆ ತಮಿಳು ಆಡಬಾರದು, ನಮ್ಮ ಮನೆಮಾತೇ ಆಡಬೇಕು ಎಂದು ಆಜ್ಞೆ ಮಾಡಿದ.

“ತಮಿಳಲ್ಲಿ ಮಾತಾಡಿದರೆ ಹೊರಗಿರೋರಿಗೆ ಪುರಿಯುತ್ತೆ, ಅಕ್ಕ. ಇಂಗ್ಲಿಷಲ್ಲಿ ಮಾತಾಡಿದರೆ ಒಳಗಿರೋರಿಗೇ ಪುರಿಯಾದಿಲ್ಲೆ. ಅದಕ್ಕೇ ನಮ್ಮ ಮಾತು. ಈ ಕಣಿವೇಲಿ ಇದಕ್ಕಿಂತ ಪದ್ರವಾದ ಪೂಟ್ಟು ಬೇರೆ ಇಲ್ಲೆ.”

ಪೂಟ್ಟು ಎಂದರೆ ಬೀಗ, ಪದ್ರ ಎಂದರೆ ಭದ್ರ. ಈ ಬೀಗದ ಕೈ ಯಾರ ಯಾರ ಹತ್ತಿರ ಇದೆ ಎಂದು ಯೋಚಿಸುವ ವ್ಯವಧಾನ ಅವನಿಗಿರಲಿಲ್ಲ. ಒಳಗೆ ಕೂತ ಹುಡುಗರಿಗೆ ಮನೆಮಾತು ಕೇಳಿದರೆ ತಿಳಿಯುತ್ತದೆ, ಆಡಲು ನಾಲಿಗೆ ಹೊರಳುವುದಿಲ್ಲ. ಹಾಗಾಗಿ ಇವನು ಕನ್ನಡದಲ್ಲಿ ಗಂಭೀರವಾಗಿ ಕೇಳುವುದು, ಅವರು ತಮಿಳಿನಲ್ಲಿ ಉತ್ತರ ಹೇಳುವುದು. ಇನ್ನು ಹೊರಗೆ, ಬಾಗಿಲ ಪಕ್ಕದ ಒಲೆಯ ಮುಂದೆ, ಇವರಿಗೆ ಬಿರಿಯಾನಿ ಮಾಡಲು ಕೂತಿದ್ದವಳು ನಮ್ಮ ರಂಗಕ್ಕ. ನಮ್ಮ ಜನವೇ. ತಮಿಳಿಗಿಂತ ಕನ್ನಡವೇ ಅವಳಿಗೆ ಸಲೀಸು. ಇಡೀ ಕಂಬಂ ಪೇಟೆಯಲ್ಲಿ ಯಾರಿಗೆ ತಿಳಿಯಬಾರದೆಂದು ಇವನು ಪರದೆ ಎಳೆದಿದ್ದನೋ, ಅವರಲ್ಲಿ ಅರ್ಧ ಜನರಿಗೆ ಅವಳು ಸೋಮವಾರ ಬೆಳಿಗ್ಗೆ ನೀರಿನ ನಲ್ಲಿಯ ಹತ್ತಿರ ಎಲ್ಲವನ್ನೂ ಒಪ್ಪಿಸುತ್ತಿದ್ದಳು. ಒಪ್ಪಿಸುವಂಥದ್ದು ಇದ್ದದ್ದಾದರೂ ಏನು? ಬೊಮ್ಮುರಾಜ ಒಂದು ಭಾಷಣ ಮಾಡುತ್ತಾನೆ, ಹುಡುಗರು ಆಕಳಿಸುತ್ತಾರೆ, ಆಮೇಲೆ ಕೇರಂ ಆಡುತ್ತಾರೆ, ತಿನ್ನುತ್ತಾರೆ.

ನಿಜವಾದ ಬೀಗವೂ ಇತ್ತು. ದಿಂಡಿಗಲ್ಲಿನಿಂದ ತಂದದ್ದು, ಮಾವಿನಕಾಯಿಯ ಆಕಾರದ ಹಿತ್ತಾಳೆ ಬೀಗ, ಎರಡು ಕೈಯಲ್ಲಿ ಎತ್ತಬೇಕು. ಅದರ ಬೀಗದ ಕೈ ಹಾಕುವ ತೂತೇ ಕಾಣುವುದಿಲ್ಲ. ಎಲ್ಲೋ ಒಂದು ಮೊಳೆ ಒತ್ತಿ, ಎಲ್ಲೋ ಒಂದು ಹೂವನ್ನು ತಿರುಗಿಸಿದರೆ ತೂತು ಬಾಯಿ ಬಿಡುತ್ತದೆ. ಬಾಗಿಲಿಗೆ ಒಳಗಿನಿಂದ ಅದನ್ನು ಜಡಿದು ಬೊಮ್ಮುರಾಜ ಬೀಗಿದ. ಊಟದ ಹೊತ್ತಾಯಿತು. ಯಾವ ಮೊಳೆ, ಯಾವ ಹೂವು ಎಂಬುದು ಮರೆತುಹೋಯಿತು. ಬೀಗ ಮಾರಿದವನಿಗೆ ಫೋನ್ ಮಾಡಿದರೆ ಅವನು ಮದುವೆಯೂಟದಲ್ಲಿದ್ದ. ಒಳಗೆ ಯುವ ಮೇಸನ್ನರು ಬೆವರಿನಲ್ಲಿ ಬೇಯುತ್ತಿದ್ದಾಗ, ರಂಗಕ್ಕ ವರಾಂಡದ ಕಡೆಯ ಕಿಟಕಿಯ ಪರದೆ ಸರಿಸಿ, ಸರಳಿನ ಸಂದಿಯಲ್ಲಿ ಬಿರಿಯಾನಿಯನ್ನು ಬಾಳೆಲೆಯಲ್ಲಿ ಸುತ್ತಿ ಸುತ್ತಿ ಒಳಗೆ ತುರುಕಿದಳು. ಬೊಮ್ಮುರಾಜ ಕೂಟಕ್ಕೆಂದು ತೊಟ್ಟಿದ್ದ ಬಿಳಿ ಕೈಗವಸು ಬಿಚ್ಚದೆಯೇ ಇಸಿದುಕೊಂಡನಂತೆ. ಆಮೇಲೆ ಒಬ್ಬ ಬಡಗಿ ಬಂದು ಬಾಗಿಲನ್ನೇ ಕಳಚಿದ. ಆ ಕೈಗವಸಿನ ಎಣ್ಣೆಕಲೆ ಕೊನೆಯವರೆಗೂ ಹೋಗಲಿಲ್ಲ. ನನಗೆ ಅವನನ್ನು ನೆನೆದಾಗ ಮೊದಲು ಕಣ್ಣಿಗೆ ಬರುವುದು ಆ ಹಳದಿ ಬೆರಳುಗಳೇ.

ಇಷ್ಟಕ್ಕೇ ಮುಗಿದಿದ್ದರೆ ನಾವು ನಕ್ಕು ಸುಮ್ಮನಾಗುತ್ತಿದ್ದೆವು. ಗೋಕುಲನಿಗೆ ಒಡ್ಡನ್‌ಛತ್ರಂನಲ್ಲಿ ಹೆಣ್ಣು ನೋಡಿದೆವು. ತರಕಾರಿ ಮಂಡಿಯವರು, ನಮ್ಮ ಜನವೇ, ಒಳ್ಳೆಯ ಹುಡುಗಿ. ಮಾತು ಮುಗಿಯುವ ಹೊತ್ತಿಗೆ ಹುಡುಗಿಯ ದೊಡ್ಡಪ್ಪನಿಗೆ ಯಾರೋ ಊದಿದರು: ಹುಡುಗ ಭಾನುವಾರ ಕತ್ತಲೆ ಕೋಣೆಯಲ್ಲಿ ಕೂರುತ್ತಾನೆ, ಮೇಣದಬತ್ತಿ ಹಚ್ಚುತ್ತಾರೆ, ಏನೋ ಮಂತ್ರ, ಮತವನ್ನೇ ಬಿಟ್ಟಿರಬಹುದು. ದೊಡ್ಡಪ್ಪ ಮುಚ್ಚುಮರೆ ಮಾಡುವ ಮನುಷ್ಯನಲ್ಲ. ಕಂಬಳಿ ಹಾಸಿ ಕೇಳೋಣ, ಆಮೇಲೆ ತಾಂಬೂಲ ಎಂದರು. ಕ್ಲಬ್ಬು ನಡೆಸುವವನು ಬೊಮ್ಮುರಾಜ, ಕೇಳಬೇಕಾದ್ದು ಅವನನ್ನೇ. ಹಾಸಬೇಕಾದವನೂ ಅವನೇ.

ಆ ಬೆಳಿಗ್ಗೆ ಅವನು ಎಂದಿನ ಹಾಗೆ ಒದ್ದೆ ಪಂಚೆಯಲ್ಲಿ ಬಂದ. ಕಂಬಳಿ ಹಾಸಿದ, ಚೊಂಬು ಇಟ್ಟ, ಬೇವಿನ ಸೊಪ್ಪು ಸಿಕ್ಕಿಸಿದ. ಆಮೇಲೆ ಸುತ್ತು ಬಳಸಿ ಬಂದು, ಉತ್ತರ ಹೇಳುವವರು ಕೂರುವ ಕಡೆ ಕೂತ. ಹೆಂಗಸರು ನಾವು ಹುಣಸೆಮರದ ಕೆಳಗಿದ್ದೆವು. ಎಲ್ಲರಿಗೂ ಹಿರಿಯರಾದ ಮುತ್ತಯ್ಯ ಮಾಮ ಕೇಳಿದರು.

“ಬೊಮ್ಮು, ಆ ಕದ ಮುಚ್ಚಿಕೊಂಡು ಒಳಗ ಏನ ಮಾಡ್ತೀರಿ? ಹೇಳಿಬಿಡು.”

ಇಡೀ ಕಣಿವೆಗೆ ಕಿವಿ ತೂತಾಗುವಷ್ಟು ಮಾತಾಡಿದ್ದವನು ನೆಲ ನೋಡುತ್ತ ಕೂತ. ಗೋಕುಲ ಎದ್ದು, ಸುಮ್ಮನೆ ಸೇರುತ್ತೇವೆ, ಬೇರೆ ಏನೂ ಇಲ್ಲ ಎಂದು ತಮಿಳಿನಲ್ಲಿ ಹೇಳಿದ. ಹುಡುಗ ಸೋದರಮಾವನನ್ನು ಕಾಪಾಡಲು ನೋಡುತ್ತಿದ್ದಾನೆ ಎಂದು ಒಡ್ಡನ್‌ಛತ್ರಂನವರು ಮುಖ ಮುಖ ನೋಡಿಕೊಂಡರು. ಅಷ್ಟರಲ್ಲಿ ರಂಗಕ್ಕ, ಅಂದಿನ ಅಡುಗೆಗೆ ಬಂದವಳು, ಸೌಟು ಹಿಡಿದುಕೊಂಡೇ ಎದ್ದು ನಿಂತಳು.

“ಸಾಮಿ, ನಾ ಹೇಳ್ತೀನಿ. ಭಾನುವಾರಕ್ಕ ಭಾನುವಾರ ಅಲ್ಲೇ ಕೂತು ನೋಡಿದೀನಿ. ಈ ಅಣ್ಣ ಪೇಸ್ತಾ ಇರ್ತಾನೆ, ಹುಡುಗರು ತೂಗಡಿಸ್ತಾ ಇರ್ತಾರೆ. ಆಮ್ಯಾಕೆ ಕೇರಂ ಆಡ್ತಾರೆ. ಅದರಲ್ಲೂ ಈ ಅಣ್ಣ ಸೋತುಬಿಟ್ಟರೆ ಇನ್ನೊಂದು ಆಟ ಅಂತಾನೆ. ಆಮ್ಯಾಕೆ ತಿಂತಾರೆ. ಎಲುಂಬು ನಾನೇ ಎತ್ತಿ ಹಾಕಾದು. ಬೇರೆ ಒಂದೂ ಇಲ್ಲೆ.”

ಮೊದಲು ನಕ್ಕದ್ದು ಹುಡುಗಿಯ ದೊಡ್ಡಪ್ಪ. ಟವೆಲಿನಿಂದ ಕಣ್ಣೊರೆಸಿಕೊಂಡು ನಕ್ಕರು. ಮುತ್ತಯ್ಯ ಮಾಮನೂ ನಕ್ಕರು. ನನ್ನ ಎದೆಯ ಮೇಲಿನ ಕಲ್ಲು ಇಳಿಯಿತು. ಮಗನ ಮದುವೆ ಉಳಿಯಿತು, ಇನ್ನು ತಾಂಬೂಲ ಬದಲಾಯಿಸಿ ಊಟಕ್ಕೆ ಏಳುವುದು ಎಂದುಕೊಂಡೆ. ಆಗ ಈ ಪುಣ್ಯಾತ್ಮ ಎದ್ದ.

“ರಂಗಕ್ಕ ಕಂಡಿದ್ದು ಮೇಲಿನದು,” ಎಂದ. “ಒಳಗಿನದು ಬೇರೆ ಐತೆ. ಅದ ಹೇಳಕ್ಕಾಗಾದಿಲ್ಲೆ. ಸತ್ತಿಯ ಮಾಡಿದೀನಿ.”

ನಗು ನಿಂತಿತು. ಮುತ್ತಯ್ಯ ಮಾಮ ಅವನನ್ನು ಉಳಿಸಲು ಆದಷ್ಟೂ ನೋಡಿದರು. “ಕಂಬಳಿ ಹಾಸೋ ಮನೆಯೋನು ನೀನು. ಹಾಸಿದ ಕೈಯೇ ಮರೆ ಮಾಡಿದರೆ ಹೆಂಗಪ್ಪ? ಒಂದೂ ಇಲ್ಲೆ ಅಂತ ಒಂದು ಮಾತು ಅನ್ನು, ಎದ್ದು ಉಣ್ಣಕ್ಕ ಹೋಗಾಮ.”

ನಾನು ಹುಣಸೆಮರದ ಕೆಳಗಿನಿಂದ ಕೈಸನ್ನೆ ಮಾಡಿದೆ, ಹಲ್ಲು ಕಚ್ಚಿದೆ, ಹೇಳೋ ಮುಟ್ಠಾಳ ಎಂದು ಬಾಯಾಡಿಸಿದೆ. ಅವನು ನನ್ನನ್ನು ನೋಡಿದ. ಅವನ ಮುಖ ನೋಡಿದ ಮೇಲೆ ನನಗೆ ಎಲ್ಲ ಅರ್ಥವಾಯಿತು. ಏನೂ ಇಲ್ಲ ಎಂದರೆ ಹಕ್ಕು ಉಳಿಯುತ್ತದೆ. ಆದರೆ ಅಷ್ಟು ವರ್ಷ ಬೆವರು ಸುರಿಸಿ ಪರದೆ ಎಳೆದದ್ದು, ಕೈ ಒತ್ತಿದ್ದು, ಮೀಸೆಗೆ ಬಣ್ಣ ಬಳಿದದ್ದು ಎಲ್ಲ ಒಂದು ಕೇರಂ ಬೋರ್ಡಿಗಾಗಿ ಎಂದು ಊರ ಮುಂದೆ ಒಪ್ಪಿಕೊಂಡಂತಾಗುತ್ತದೆ. ಅದು ಅವನಿಂದಾಗಲಿಲ್ಲ. ತಲೆ ಅಲ್ಲಾಡಿಸಿ, ಚೊಂಬಿಗೆ ಕೈ ಮುಗಿದು, ನಡೆದುಬಿಟ್ಟ. ಅವನ ಅಪ್ಪ, ತಾತ, ಅವರ ಅಪ್ಪಂದಿರು ಹಾಸುತ್ತ ಬಂದಿದ್ದ ಕಂಬಳಿ ಆ ದಿನವೇ ಇನ್ನೊಬ್ಬ ಚಿಕ್ಕಪ್ಪನ ಮಗ ಸೀನಿಯ ಮನೆಗೆ ಹೋಯಿತು. ಹುಡುಗಿಯ ದೊಡ್ಡಪ್ಪ ಮಾತ್ರ, ತಮಗೆ ರಂಗಕ್ಕನ ಮಾತೇ ಸಾಕೆಂದು ತಾಂಬೂಲ ಬದಲಾಯಿಸಿದರು.

ಗೋಕುಲನ ಮದುವೆಗೆ ದಿಂಡಿಗಲ್ಲಿನ ಡಾಕ್ಟರೂ ಬಂದಿದ್ದರು. ನಾನು ಅವರನ್ನು ಹಿಡಿದು ಕೇಳಿದೆ. ಅವರು ಪಾಯಸದ ಲೋಟ ಕೆಳಗಿಟ್ಟು, “ಕೇರಂ ಆಡಿದ್ದನ್ನ ಹೇಳಬಾರದು ಅಂತ ನಾವು ಯಾವಾಗಮ್ಮ ಹೇಳಿದ್ದು?” ಎಂದರು. ಅವರಿಗೆ ಬೇಸರವಾಗಿತ್ತು. ಆಮೇಲೆ ತೇನಿಯಲ್ಲಿ ಅವರೇ ಒಂದು ಶಟಲ್ ಕೋರ್ಟು ಗೊತ್ತು ಮಾಡಿದರು. ಹುಡುಗರೆಲ್ಲ ಹೆಂಡತಿ ಮಕ್ಕಳ ಜೊತೆ ಅಲ್ಲಿಗೆ ಹೋಗತೊಡಗಿದರು. ಮಹಡಿಯ ರೂಮಿನಲ್ಲಿ ಉಳಿದವನು ಬೊಮ್ಮುರಾಜ ಒಬ್ಬನೇ. ಸಕ್ಕರೆ ಕಾಯಿಲೆ ಮೂತ್ರಪಿಂಡಕ್ಕೆ ಇಳಿದ ಮೇಲೂ ಭಾನುವಾರ ಹೋಗಿ, ಬೀಗ ತೆಗೆದು, ಬತ್ತಿ ಹಚ್ಚಿ ಕೂರುತ್ತಿದ್ದ. ಬಿರಿಯಾನಿ ಕೂಡದೆಂದು ಆಸ್ಪತ್ರೆಯವರು ಹೇಳಿದ್ದರಿಂದ ರಂಗಕ್ಕ ಉಪ್ಪಿಲ್ಲದ ಗಂಜಿ ಕೊಟ್ಟು ಬರುತ್ತಿದ್ದಳು. ಇಂಥ ಹಟವನ್ನು ಯಾವುದಾದರೂ ಪ್ರಯೋಜನದ ಕೆಲಸಕ್ಕೆ ಹಾಕಿದ್ದರೆ ಎಂದು ನಾನು ಬೈದುಕೊಳ್ಳದ ಭಾನುವಾರವಿಲ್ಲ.

ಸೀನಿ ಅಚ್ಚುಕಟ್ಟಿನ ಮನುಷ್ಯ. ಕಂಬಳಿಯ ನಾಲ್ಕೂ ಮೂಲೆ ಎಳೆದು, ಸುಕ್ಕು ಸವರಿ, ಹೋಟೆಲಿನ ಹಾಸಿಗೆಯ ಹಾಗೆ ಹಾಸುತ್ತಿದ್ದ. ಕಂಬಳಿ ಹಾಸಿದಾಗಲೆಲ್ಲ ಬೊಮ್ಮುರಾಜ ಬಂದು, ಹಿಂದೆ ಹುಣಸೆಮರಕ್ಕೆ ಒರಗಿ ನಿಂತು, ಸೀನಿಯ ಕೈಯನ್ನೇ ನೋಡುತ್ತಿದ್ದ. ತುಟಿ ಅಲುಗುತ್ತಿತ್ತು, ಮಾತು ಹೊರಡುತ್ತಿರಲಿಲ್ಲ. ಹೊಟ್ಟೆಕಿಚ್ಚು ಎಂದು ನಾವೆಲ್ಲ ಅಂದುಕೊಂಡೆವು.

ಕೊನೆಗೆ ಅವನನ್ನು ನೋಡಿದ್ದು ತೇನಿಯ ಆಸ್ಪತ್ರೆಯಲ್ಲಿ. ಮುಖ ಊದಿತ್ತು. ಮೀಸೆ ಪೂರ್ತಿ ಬೆಳ್ಳಗಾಗಿತ್ತು. ನಾನು ಹೋದ ಕೂಡಲೇ ಹೆಂಡತಿ ಸೆಲ್ವಿಯನ್ನು ಟೀ ತರಲು ಕಳಿಸಿದ. ನರ್ಸಮ್ಮನಿಗೂ ಹೊರಗೆ ಹೋಗಲು ಹೇಳಿದ. ನನಗೆ ಬಾಗಿಲು ಮುಚ್ಚು ಎಂದ. ದೇವರೇ, ಸಾಯುವ ಹೊತ್ತಲ್ಲೂ ಇವನಿಗೆ ಬಾಗಿಲು ಮುಚ್ಚಲೇಬೇಕಲ್ಲ ಎಂದು ಮುಚ್ಚಿ ಬಂದೆ.

“ಹೇಳಿಬಿಡು, ಬೊಮ್ಮು. ಆ ರೂಮಿನ ಒಳಗೆ ಏನಿತ್ತು?”

“ಅದ ಬಿಡಕ್ಕ. ಅಲ್ಲಿ ಏನ ಇತ್ತು?” ಎಂದ. ನನ್ನ ಕೈ ಹಿಡಿದುಕೊಂಡ. ಹೆಬ್ಬೆರಳು ಸುಮ್ಮನಿತ್ತು. “ಸೀನಿ ಕಂಬಳಿ ಪೂರಾ ಬಿಡಿಸಿ ಹಾಸ್ತಾನೆ. ತಪ್ಪು. ಚೊಂಬಿನ ಎಡಕ್ಕ ಒಂದು ಮೂಲೆ ಒಳಕ್ಕ ಮಡಿಸಿ ಬಿಡಬೇಕು.”

ಆಗ ನನಗೆ ನೆನಪಾಯಿತು. ಚಿಕ್ಕಪ್ಪ ಹಾಸಿದಾಗಲೂ, ಇವನು ಹಾಸಿದಾಗಲೂ ಒಂದು ಮೂಲೆ ಮಡಚಿಕೊಂಡೇ ಇರುತ್ತಿತ್ತು. ಬಗ್ಗಲಾರದೆ ಹಾಗೆ ಬಿಟ್ಟಿದ್ದಾರೆ, ಅಪ್ಪನ ಹಾಗೆ ಮಗನೂ ಸೋಮಾರಿ ಎಂದು ನಾನು ಎಷ್ಟೋ ಸಲ ಆಡಿಕೊಂಡಿದ್ದೆ.

“ಯಾಕೆ ಮಡಿಸಬೇಕು?”

“ಬಾರದೆ ಹೋದೋರಿಗೆ. ನಮ್ಮೋರು ಬಡಗಲಿಂದ ಹೊರಟು ಬರೋವಾಗ ಹಿಂದೆ ನಿಂತುಬಿಟ್ಟೋರು ಇದ್ದರಲ್ಲ. ಎಂದಾದರೂ ಬಂದರೆ ಅವರು ಬಿಡಿಸಿಕೊಂಡು ಕೂರಬೇಕು. ಅಪ್ಪ ನನ್ನ ಕಿವೀಲಿ ಹೇಳಿದ್ದು ಅದು. ಯಾರಿಗೂ ಹೇಳಿಲ್ಲೆ.”

ಸಿಕ್ಕಸಿಕ್ಕವರ ಕೈ ಒತ್ತಿ ಗುಟ್ಟು ಹಂಚಲು ನೋಡಿದ ಮನುಷ್ಯ ಇದೊಂದನ್ನು ಹೆಂಡತಿಗೂ ಹೇಳದೆ ಇಟ್ಟುಕೊಂಡಿದ್ದ. ನನಗೆ ಸಿಟ್ಟು ಬಂತು. ಸೀನಿಗೆ ಹೇಳಲು ನಿನಗೇನು ಧಾಡಿಯಾಗಿತ್ತು ಎಂದೆ.

“ಹಾಸೋನು ಹಾಸೋನಿಗೆ ಹೇಳಬೇಕು. ನನಗೆ ಹಕ್ಕು ಹೋಯ್ತಲ್ಲ.”

“ಹಂಗಾದರೆ ನನಗ್ಯಾಕೆ ಹೇಳ್ತಿದ್ದೀ?”

ಬೊಮ್ಮುರಾಜ ನಕ್ಕ. ನೋವಿನಲ್ಲೂ ಹೊಟ್ಟೆ ಅಲುಗಿತು. “ನೀನು ಬಾಯಿ ಮುಚ್ಚಾದಿಲ್ಲೆ, ಅದಕ್ಕೇ.”

ಅಂದು ಸಂಜೆಯೇ ಬಸ್ಸಿನಲ್ಲಿ ಕೂತು ಸೀನಿಗೆ ಫೋನ್ ಮಾಡಿದೆ. ಅದು ಚೆನ್ನಾಗಿ ಕಾಣುವುದಿಲ್ಲವಲ್ಲ ಅಕ್ಕ ಎಂದ ಅವನು. ಚೆನ್ನಾಗಿ ಕಾಣಲೆಂದು ಹಾಸುವುದಲ್ಲ ಎಂದು ಜೋರಾಗಿಯೇ ಹೇಳಿದೆ. ಪಕ್ಕದ ಸೀಟಿನವರು ತಿರುಗಿ ನೋಡಿದರು. ಆ ವಾರ ಮುಗಿಯುವುದರೊಳಗೆ ಬೊಮ್ಮುರಾಜ ಹೋದ. ದಿಂಡಿಗಲ್ಲಿನವರು ಬಂದು ಮೌನವಾಗಿ ನಿಂತಿದ್ದು ಹೋದರು. ಸೆಲ್ವಿ ಆ ಎಣ್ಣೆಕಲೆಯ ಕೈಗವಸನ್ನು ಅವನ ಜೊತೆಯಲ್ಲೇ ಇಟ್ಟಳು.

ಆಮೇಲೆ ಗುಡಿಯ ಬಾವಿಯ ವಿಷಯಕ್ಕೆ ಕಂಬಳಿ ಹಾಸಿದರು. ಸೀನಿ ಸುಕ್ಕು ಸವರಿದ, ಮೂರು ಮೂಲೆ ಎಳೆದ, ನನ್ನ ಕಡೆ ಒಮ್ಮೆ ನೋಡಿ, ಚೊಂಬಿನ ಎಡಗಡೆಯದನ್ನು ಒಳಕ್ಕೆ ಮಡಿಸಿದ. ಮುತ್ತಯ್ಯ ಮಾಮ ಅದನ್ನು ಕಂಡು, ಏನೂ ಕೇಳದೆ, ಕೂತಲ್ಲಿಂದ ಸ್ವಲ್ಪ ಸರಿದು ಜಾಗ ಬಿಟ್ಟರು. ಬಾವಿಯ ಮಾತು ಶುರುವಾಯಿತು. ನನಗೆ ಒಂದೂ ಕಿವಿಗೆ ಬೀಳಲಿಲ್ಲ. ಬಡಗಲಿಂದ ಯಾರೂ ಬರುವುದಿಲ್ಲ ಎಂದು ನನಗೆ ಗೊತ್ತು. ಆ ಮೂಲೆಯನ್ನು ಬಿಡಿಸಿಕೊಂಡು ಆ ದಂಡಪಿಂಡವೇ ಬಂದು ಕೂರಲಿ, ಮುತ್ತಯ್ಯ ಮಾಮನ ಕೈ ಹಿಡಿದು ಒತ್ತಿ ಇಡೀ ಪಂಚಾಯಿತಿಯನ್ನೇ ಕೆಡಿಸಲಿ ಎಂದು ಬೇಡಿಕೊಳ್ಳುತ್ತಿದ್ದೆ.